ಸಾಹೇಬರು ಸೋಲಬಾರದು

ಕಂಪ್ಯೂಟರ್ ಆಟ ಮಾಡುವುದನ್ನು ಕರಿಹಲಗೆಯ ಮೇಲೆ ಸೀಮೆಸುಣ್ಣದಿಂದ ಕಲಿಸುವ ಕಾಲೇಜು ಭೂಮಿಯ ಮೇಲೆ ಇನ್ನೊಂದು ಇದ್ದರೆ ಅದನ್ನು ಹೋಗಿ ನೋಡಿಬರಬೇಕೆಂದು ಪ್ರಿಯದರ್ಶಿನಿಗೆ ಆಸೆಯಿತ್ತು. ಇಳಕಲ್ಲಿನ ಈ ಕಾಲೇಜಿಗೆ ಬಿಸಿಎ ಐದನೇ ಸೆಮಿಸ್ಟರಿಗೆ ‘ಗೇಮ್ ಪ್ರೋಗ್ರಾಮಿಂಗ್’ ಎಂಬ ಹೊಸ ವಿಷಯ ಬಂದಿತ್ತು. ಜೊತೆಗೆ ಹೊಸ ಪ್ರೊಜೆಕ್ಟರೂ ಬಂದಿತ್ತು. ಆದರೆ ಅದಕ್ಕೆ ಸುತ್ತಿದ ಪ್ಲಾಸ್ಟಿಕ್ ಹಾಳೆ ಬಿಚ್ಚುವ ಹಾಗಿಲ್ಲ. ಮುಂದೆ ಕೋರ್ಸಿನ ತಪಾಸಣೆಗೆ ಸಮಿತಿಯವರು ಬಂದಾಗ ಹೊಸದಾಗಿ ಕಾಣಬೇಕಲ್ಲ! ಅದಕ್ಕೇ ಶಿವಪ್ರಕಾಶ ಸರ್ ಪುಸ್ತಕ ನೋಡಿಕೊಂಡು ಹಲಗೆಯ ಮೇಲೆ ಕೋಡ್ ಬರೆಯುತ್ತಿದ್ದರು, ಹುಡುಗರು ಹಲಗೆ ನೋಡಿಕೊಂಡು ಜರ್ನಲ್ಲಿನಲ್ಲಿ ನೀಲಿ ಶಾಯಿಯಿಂದ ಬರೆಯುತ್ತಿದ್ದರು, ಎಡಗಡೆಯ ಬಿಳಿ ಪುಟದಲ್ಲಿ ಪೆನ್ಸಿಲ್ಲಿನಿಂದ ಚೆಂಡಿನ ಚಿತ್ರ ಬಿಡಿಸುತ್ತಿದ್ದರು. ಚೆಂಡು ದುಂಡಗಿರದಿದ್ದರೆ ಅಂಕ ಕಟ್. ಪುಟಿಯುತ್ತದೋ ಇಲ್ಲವೋ ಎಂದು ಕೇಳುವವರು ಯಾರೂ ಇರಲಿಲ್ಲ.

“ಇಫ್... ಬಾಲ್ ಡಾಟ್ ವೈ... ದೊಡ್ಡದು... ಸ್ಕ್ರೀನ್ ಹೈಟಿಗಿಂತ... ಕೋಲನ್ ಹಾಕ್ರಿ,” ಎಂದು ಸರ್ ಹೇಳಿ ಬರೆಸುತ್ತಿದ್ದರು. “ಹಾಕಿದ್ರೇನು? ಮುಂದಿನ ಸಾಲು ಎರಡು ಬೆರಳು ಒಳಗ ಸರಿಸಿ ಬರೀರಿ. ಯಾಕ ಅಂತ ಕೇಳಬ್ಯಾಡ್ರಿ, ಪುಸ್ತಕದಾಗ ಹಂಗ ಐತಿ.”

ಕೊನೆಯ ಬೆಂಚಿನಲ್ಲಿ ಪ್ರಿಯದರ್ಶಿನಿ ಹಣೆ ಬಡಿದುಕೊಳ್ಳುತ್ತಿದ್ದಳು. ಎರಡು ಬೆರಳಂತೆ! ಯಾರ ಬೆರಳು? ಇವರದೋ, ಪುಸ್ತಕ ಬರೆದವನದೋ?

ಶಿವಪ್ರಕಾಶ ಸರ್ ಮೂಲದಲ್ಲಿ ಕಾಮರ್ಸಿನವರು. ಕಂಪ್ಯೂಟರ್ ಕಲಿಸುತ್ತಿದ್ದವರು ಬೇರೆ ಕಡೆ ಚಲೋ ಸಂಬಳ ಸಿಕ್ಕಿತೆಂದು ಬಿಟ್ಟುಹೋದ ಮೇಲೆ, ಹಾಳೂರಿಗೆ ಉಳಿದವನೇ ಗೌಡ ಎಂಬಂತೆ, ಎಲ್ಲಿಂದಲೋ ಒಂದು ತರಬೇತಿಯ ಪ್ರಮಾಣಪತ್ರ ತಂದು ವಿಭಾಗದ ಮುಖ್ಯಸ್ಥರ ಕುರ್ಚಿಯಲ್ಲಿ ಕುಳಿತಿದ್ದರು. ಅದೂ ಖಾಯಂ ಕುರ್ಚಿಯಲ್ಲ. ಆಡಳಿತ ಮಂಡಳಿ ವರ್ಷವರ್ಷ ಮುಂದುವರಿಸಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಆ ಮಂಡಳಿಯ ಚೇರ್ಮನ್ ರಾಚಪ್ಪನವರು, ಇಳಕಲ್ ಸೀರೆಯ ದೊಡ್ಡ ವ್ಯಾಪಾರಿ, ಪ್ರಿಯದರ್ಶಿನಿಯ ಅಪ್ಪ.

ಇದನ್ನು ಪ್ರಿಯದರ್ಶಿನಿ ತಾನಾಗಿ ಎಲ್ಲಿಯೂ ಹೇಳಿಕೊಳ್ಳುತ್ತಿರಲಿಲ್ಲ. ಹೇಳುವ ಅಗತ್ಯವೇ ಬೀಳುತ್ತಿರಲಿಲ್ಲ. ಅವಳು ಗೇಟಿನೊಳಗೆ ಬಂದರೆ ವಾಚ್‌ಮನ್ ಎದ್ದು ನಿಲ್ಲುತ್ತಿದ್ದ. ಲ್ಯಾಬಿನಲ್ಲಿ ಸರಿಯಾಗಿ ನಡೆಯುವ ಕಂಪ್ಯೂಟರು ಅವಳಿಗಾಗಿ ಖಾಲಿ ಇರುತ್ತಿತ್ತು. ಅದೇನು ದೊಡ್ಡ ಮಾತು, ಈ ದಡ್ಡರ ಕೈಗೆ ಕೊಟ್ಟರೆ ಅದೂ ಕೆಟ್ಟುಹೋದೀತು ಎಂದು ಅವಳು ತಿಳಿದಿದ್ದಳು. ಪ್ರತಿ ಸೆಮಿಸ್ಟರಿನಲ್ಲಿಯೂ ಅವಳದೇ ಮೊದಲ ನಂಬರು. ಇಂಥವರ ನಡುವೆ ಮೊದಲು ಬರುವುದೂ ಒಂದು ಮೊದಲೇ ಎಂದು ಅವಳು ಮೂಗು ಮುರಿಯುತ್ತಿದ್ದಳು. ಆದರೆ ಒಂದು ಮುಳ್ಳು ಒಳಗೇ ಚುಚ್ಚುತ್ತಿತ್ತು. ಹೈಸ್ಕೂಲಿನಿಂದ ಇಲ್ಲಿಯವರೆಗೆ ‘ಶಾಬಾಶ್’ ಅಂದವರೆಲ್ಲ ಅಪ್ಪನನ್ನು ಬಲ್ಲವರು. ಅಪ್ಪ ಯಾರೆಂದು ಗೊತ್ತಿಲ್ಲದ ಒಬ್ಬನು, ಒಬ್ಬನೇ ಒಬ್ಬನು, ತಾನು ಮಾಡಿದ್ದನ್ನು ನೋಡಿ ಚಲೋ ಇದೆಯೋ ಕೆಟ್ಟದಾಗಿದೆಯೋ ಹೇಳಬೇಕು. ಅವಳಿಗೆ ಬೇಕಾಗಿದ್ದದ್ದು ಅಷ್ಟೇ, ಮತ್ತು ಅದು ಬಹಳ ಬೇಕಾಗಿತ್ತು.

ಶ್ರಾವಣ ಕಳೆದ ಮೇಲೆ ಎಲ್ಲರೂ ತಮ್ಮತಮ್ಮದೊಂದು ಆಟ ಮಾಡಬೇಕೆಂದು ಸರ್ ಹೇಳಿದರು. ಮಾಡಿದರು ನೋಡಿ ಆಟಗಳನ್ನು! ಕಲ್ಲೇಶ ಎಂಬುವನು ಬಲೂನ್ ಒಡೆಯುವ ಆಟವನ್ನು ಇಂಟರ್‌ನೆಟ್ಟಿನಿಂದ ಇದ್ದದ್ದು ಇದ್ದ ಹಾಗೆಯೇ ಎತ್ತಿಕೊಂಡು ಬಂದು ಮೇಲೆ ತನ್ನ ಹೆಸರು ಹಾಕಿದ. ಕೆಳಗೆ ಯಾರೋ ರಷ್ಯಾದವನ ಹೆಸರು ಹಾಗೆಯೇ ಉಳಿದಿತ್ತು. ಅಮೀನಗಡದ ಸುನಂದಾ, ಅವರದು ಅಲ್ಲಿ ಬಸ್‌ಸ್ಟ್ಯಾಂಡಿನ ಎದುರಿಗೆ ಕರದಂಟಿನ ಮಿಠಾಯಿ ಅಂಗಡಿ, ಮೇಲಿಂದ ಬೀಳುವ ಕರದಂಟನ್ನು ತಾಟಿನಲ್ಲಿ ಹಿಡಿಯುವ ಆಟ ಮಾಡಿದಳು. ಎಡಗಡೆಯ ಗುಂಡಿ ಒತ್ತಿದರೆ ತಾಟು ಬಲಕ್ಕೆ ಓಡುತ್ತಿತ್ತು.

“ಇದು ಉಲ್ಟಾ ಐತಲ್ಲೇ,” ಎಂದಳು ಪ್ರಿಯದರ್ಶಿನಿ.

“ಅದರಾಗ ಮಜಾ ಐತಿ ನೋಡವಾ,” ಎಂದು ಸುನಂದಾ ಬಾಯಲ್ಲಿದ್ದ ಕರದಂಟು ಅಗಿಯುತ್ತ ನಕ್ಕಳು. ನಾಚಿಕೆ ಎಂಬುದು ಅವಳ ಮನೆತನದಲ್ಲೇ ಇರಲಿಲ್ಲ. ದಿನಾ ಬಸ್ಸಿನಲ್ಲಿ ಬಂದು, ತಡವಾಗಿ ಬಂದು, ಪ್ರಿಯದರ್ಶಿನಿಯ ಪಕ್ಕದಲ್ಲೇ ಕುಳಿತು, ತುಪ್ಪದ ಕೈಯಿಂದಲೇ ಕೀಬೋರ್ಡ್ ಮುಟ್ಟುತ್ತಿದ್ದಳು.

ಪ್ರಿಯದರ್ಶಿನಿಯ ಆಟ ಮಾತ್ರ ಆಟವಾಗಿತ್ತು. ನಾಗರಪಂಚಮಿಗೆ ಈ ಕಡೆ ನಿಂಬೆಹಣ್ಣು ಒಗೆಯುವ ಪಂದ್ಯ ಕಟ್ಟುತ್ತಾರೆ. ಇಷ್ಟು ಒಗೆತದಲ್ಲಿ ಈ ಊರಿಂದ ಆ ಊರು ಮುಟ್ಟಿಸುತ್ತೇನೆ ಎಂದು ಒಬ್ಬ ತೋಳು ಮಡಿಸುತ್ತಾನೆ. ಹಣ್ಣು ಬಿದ್ದಲ್ಲಿಂದ ಮತ್ತೆ ಒಗೆಯಬೇಕು. ಹಿಂದೆ ಊರೇ ಓಡುತ್ತದೆ. ಅದನ್ನೇ ಅವಳು ಆಟ ಮಾಡಿದ್ದಳು. ಗುಂಡಿ ಒತ್ತಿ ಹಿಡಿದಷ್ಟೂ ತೋಳಿಗೆ ಬಲ ಬರುತ್ತದೆ, ಬಿಟ್ಟರೆ ಹಣ್ಣು ಹಾರುತ್ತದೆ. ಕಡಿಮೆಯಾದರೆ ಗಟಾರಿಗೆ, ಹೆಚ್ಚಾದರೆ ಬಾವಿಗೆ. ಒಗೆಯಲು ತಡ ಮಾಡಿದರೆ ನಾಯಿ ಕಚ್ಚಿಕೊಂಡು ಹೋಗುತ್ತದೆ. ಇಳಕಲ್ಲಿನಿಂದ ಹುನಗುಂದ, ಅಲ್ಲಿಂದ ಅಮೀನಗಡ, ಗುಳೇದಗುಡ್ಡ, ಬಾದಾಮಿ, ಕುಳಗೇರಿ ಕ್ರಾಸ್. ಅದು ದಾಟಿದರೆ ಮತ್ತೆ ಇಳಕಲ್. ಹಣ್ಣು ಕಳೆದುಕೊಂಡಾಗಲೇ ಆಟ ಮುಗಿಯುವುದು. ಬಾದಾಮಿಯ ಹೊಂಡದ ಮೆಟ್ಟಿಲ ಮೇಲೆ ಒಂದು ಮಂಗನನ್ನೂ ಕೂರಿಸಿದ್ದಳು. ಅದರ ಕೈಗೆ ಸಿಕ್ಕರೆ ಹಣ್ಣಿನ ಕತೆ ಮುಗಿಯಿತು.

ಲ್ಯಾಬಿನ ಕೊನೆಗೆ ಎಲ್ಲರೂ ಅವಳೊಡನೆ ಪಾಳಿಯ ಮೇಲೆ ಈ ಆಟ ಆಡುತ್ತಿದ್ದರು. ಕಲ್ಲೇಶನ ಹಣ್ಣು ಇಳಕಲ್ ಬಸ್‌ಸ್ಟ್ಯಾಂಡಿನ ಗಟಾರು ದಾಟುತ್ತಿರಲಿಲ್ಲ. ಸುನಂದಾಳದು ಹುನಗುಂದ ಮುಟ್ಟುವ ಮೊದಲೇ ಬಾವಿಗೆ ಬೀಳುತ್ತಿತ್ತು. ಪ್ರಿಯದರ್ಶಿನಿ ಹುನಗುಂದ ಮುಟ್ಟುತ್ತಿದ್ದಳು, ಒಮ್ಮೊಮ್ಮೆ ಅಮೀನಗಡದ ಹಾದಿ ಹಿಡಿಯುತ್ತಿದ್ದಳು. ಅಲ್ಲಿಂದ ಮುಂದೆ ಯಾರೂ ಹೋದವರಿಲ್ಲ. ‘ಆಟ ಅಂದ್ರೆ ಹೀಗೆ ಕಠಿಣ ಇರಬೇಕು, ಇವರಿಗೆ ಗುಂಡಿ ಒತ್ತಲಿಕ್ಕೂ ಬರುವುದಿಲ್ಲ’ ಎಂದು ಅವಳು ಮನಸ್ಸಿನಲ್ಲೇ ಅಂದುಕೊಳ್ಳುತ್ತಿದ್ದಳು.

ಅಷ್ಟರಲ್ಲಿ ಸಮಿತಿ ಬರುವ ದಿನ ಗೊತ್ತಾಯಿತು. ಕೋರ್ಸನ್ನು ಮುಂದುವರಿಸಬೇಕೋ ಬೇಡವೋ ಎಂದು ನೋಡಲು ಬರುವವರ ಮುಖಂಡರು ಡಾಕ್ಟರ್ ಸಂಗಮೇಶ ಎಂಬುವರಂತೆ, ಹೊರಗಿನವರು, ಸ್ವತಃ ಆಟಗಳನ್ನು ಮಾಡಿ ಹೆಸರಾದವರು. ಪ್ರಿಯದರ್ಶಿನಿ ಹಿಗ್ಗಿದಳು. ಇಳಕಲ್ಲಿನ ರಾಚಪ್ಪ ಯಾರು, ಎತ್ತ ಎಂದು ಅವರಿಗೆ ಗೊತ್ತಿರಲು ಸಾಧ್ಯವೇ ಇರಲಿಲ್ಲ. ತಾನು ಕಾದಿದ್ದ ಮನುಷ್ಯ ಕೊನೆಗೂ ಬರುತ್ತಿದ್ದ.

ಪ್ರಿನ್ಸಿಪಾಲ್ ನಾಗಲಿಂಗ ಅವರು ಅವಳನ್ನೂ ಶಿವಪ್ರಕಾಶ ಸರ್ ಅವರನ್ನೂ ಒಳಗೆ ಕರೆದರು. ನಾಗಲಿಂಗರು ಎಂದರೆ ಹಾರ ತುರಾಯಿಯಲ್ಲಿ ಡಾಕ್ಟರೇಟ್ ಮಾಡಿದವರು. ಯಾರಿಗೆ ಎಷ್ಟು ಉದ್ದದ ಹಾರ, ಯಾರಿಗೆ ಶಾಲು, ಯಾರಿಗೆ ಬರೀ ಹೂವು, ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತಿದ್ದರು. ಅವರು ಆಟ ನೋಡಿದರು, ತಾವೇ ಒಮ್ಮೆ ಒಗೆದರು. ಹಣ್ಣು ಗಟಾರಿಗೆ ಬಿತ್ತು. ‘ಸೋತಿರಿ!’ ಎಂದು ಪರದೆಯ ಮೇಲೆ ದಪ್ಪ ಅಕ್ಷರ ಮೂಡಿತು. ಪ್ರಿನ್ಸಿಪಾಲರ ಮುಖ ಬಾಡಿತು.

“ಸಾಹೇಬ್ರು ಆಡಿದ್ರೂ ಹಿಂಗ ಬರ್ತೈತೇನವಾ?” ಎಂದು ಕೇಳಿದರು.

“ತಪ್ಪು ಒಗದ್ರ ಬರ್ತೈತ್ರಿ ಸರ್.”

“ಛೇ ಛೇ ಛೇ! ಮನಿಗೆ ಬಂದ ಅತಿಥಿಗೆ ಸೋತಿರಿ ಅನ್ನೂದ? ಅದೂ ಇಷ್ಟು ದಪ್ಪ ಅಕ್ಷರದಾಗ? ಶಾಲು ಹೊಚ್ಚಿ, ಆರತಿ ಮಾಡಿ, ಆಮ್ಯಾಲ ಗಟಾರಕ್ಕ ಕೆಡವೂದೇನು? ಸಾಹೇಬ್ರು ಸೋಲಬಾರದು. ಏನ ಮಾಡ್ತೀರೋ ಮಾಡ್ರಿ.”

“ಸೋಲು ಇಲ್ಲಂದ್ರ ಅದು ಆಟ ಹೆಂಗಾಕ್ಕೈತ್ರಿ ಸರ್?”

“ಆಟ ಹೆಂಗರ ಇರಲಿ ಅವ್ವಾ, ಮಾನ ಮುಖ್ಯ. ಇಲ್ಲಾಂದ್ರ ಹೇಳು, ಆ ಕಲ್ಲೇಶನ ಬಲೂನ್ ಇಡೂಣು. ಅದರಾಗ ಯಾರೂ ಸೋಲೂದಿಲ್ಲ, ಬರೇ ಠುಸ್ ಠುಸ್ ಅಂತೈತಿ.”

ಬಲೂನ್! ಆ ಕದ್ದ ಬಲೂನ್ ಸಂಗಮೇಶರ ಮುಂದೆ ಹೋಗಿ, ತನ್ನ ನಿಂಬೆಹಣ್ಣು ಮೂಲೆಯಲ್ಲಿ ಕೊಳೆಯಬೇಕೇ? ಪ್ರಿಯದರ್ಶಿನಿ ಹಲ್ಲು ಕಚ್ಚಿಕೊಂಡಳು. ಮನೆಗೆ ಹೋಗಿ ಊಟದ ಮುಂದೆ ಇದನ್ನೇ ಒದರಾಡಿದಳು. ರಾಚಪ್ಪನವರು ಹಣೆಯ ವಿಭೂತಿ ಅಳಿಸದ ಹಾಗೆ ಬೆವರು ಒರೆಸಿಕೊಂಡು ನಕ್ಕರು.

“ಹುಚ್ಚೀ, ಅದರಾಗೇನ ತಪ್ಪೈತಿ? ನಮ್ಮ ಅಂಗಡ್ಯಾಗ ನೋಡು. ಗಿರಾಕಿ ಚೌಕಾಸಿ ಮಾಡಿ, ರಾಚಪ್ಪನ್ನ ಸೋಲಿಸಿದೆ ಅಂತ ನಗಕೋತ ಹೋಗಬೇಕು. ಅಂವ ಸೋತು ಹೋದ ಅಂದ್ರ ತಿರುಗಿ ಬರೂದಿಲ್ಲ. ಬಂದವರನ್ನ ಗೆಲ್ಲಿಸಿ ಕಳಿಸೂದು ನಮ್ಮ ಪದ್ಧತಿ.”

ವ್ಯಾಪಾರಿಗೆ ಏನು ಹೇಳುವುದು! ಎಲ್ಲವೂ ಅಂಗಡಿಯೇ ಅವನಿಗೆ. ಪ್ರಿಯದರ್ಶಿನಿ ಎದ್ದು ಕೈ ತೊಳೆದಳು. ರಾತ್ರಿಯೆಲ್ಲ ಯೋಚಿಸಿ ಒಂದು ಸಮಾಧಾನ ಹುಡುಕಿಕೊಂಡಳು. ಬದಲಾಯಿಸಬೇಕಾದದ್ದು ನಾಲ್ಕು ಸಾಲು. ಉಳಿದ ಸಾಲುಗಳೆಲ್ಲ ಅವಳವೇ. ಬರುವವನು ಬಲ್ಲವನು, ಕೋಡ್ ತೆರೆದು ಓದುತ್ತಾನೆ, ಕೈಚಳಕ ಗುರುತಿಸುತ್ತಾನೆ. ಗುರುತಿಸಿದ ಮೇಲೆ ಅಸಲಿ ಆಟ ತೋರಿಸಿದರಾಯಿತು. ಬೇರೆಯವರು ಇಂಥ ಲೆಕ್ಕಾಚಾರ ಹಾಕಿದ್ದರೆ ಅವಳು ಥೂ ಅನ್ನುತ್ತಿದ್ದಳು.

ಮರುದಿನ ಶಿವಪ್ರಕಾಶ ಸರ್ ಕುರ್ಚಿ ಎಳೆದುಕೊಂಡು ಅವಳ ಪಕ್ಕ ಕುಳಿತರು. ಇಡೀ ಸೆಮಿಸ್ಟರಿನಲ್ಲಿ ಅವರು ಒಂದು ಕಂಪ್ಯೂಟರಿನ ಮುಂದೆ ಕುಳಿತದ್ದು ಅದೇ ಮೊದಲು. ಅವಳು ಬಾವಿ, ಗಟಾರಿನ ಸಾಲುಗಳನ್ನು ಅಳಿಸಿ, ಎಲ್ಲಿ ಒಗೆದರೂ ಹಣ್ಣು ರಸ್ತೆಯ ನಟ್ಟನಡುವೆ ಬೀಳುವಂತೆ ಮಾಡಿ ತೋರಿಸಿದಳು.

“ಹಿಂಗಲ್ರಿ,” ಎಂದರು ಸರ್. ವಿದ್ಯಾರ್ಥಿಗಳಲ್ಲಿ ಅವಳೊಬ್ಬಳಿಗೇ ಅವರು ‘ರಿ’ ಹಚ್ಚುತ್ತಿದ್ದರು. “ಇಷ್ಟು ಸರಳ ಗೆಲ್ಲಿಸಿದ್ರ ಸಂಶಯ ಬರ್ತೈತಿ. ಮೊದಲನೇದು ಬಾವಿ ದಂಡಿ ಮ್ಯಾಲ ಬೀಳಲಿ. ಎದಿ ಧಸಕ್ ಅನಬೇಕು. ಒಳಗ ಬೀಳಬಾರದು, ಅಲ್ಲೇ ಉಳ್ಳಾಡಿ ಈ ಕಡೆ ಬರಬೇಕು. ಆಗ ಮನಷಾಗ ಏನ ಅನಸ್ತೈತಿ ಹೇಳ್ರಿ? ನನ್ನ ಕೈಗುಣದಿಂದ ಉಳೀತು ಅನಸ್ತೈತಿ. ಒಂದೆರಡು ಸಲ ಹಿಂದ ಬೀಳಲಿ, ಆಮ್ಯಾಲ ಮುಂದ. ಶಾಬಾಶ್ ಅನ್ನೂದನ್ನ ಲಗೂ ಅನಬಾರದು, ಸ್ವಲ್ಪ ಕಾಯಿಸಿ ಅನಬೇಕು.”

ಪ್ರಿಯದರ್ಶಿನಿ ಬೆರಗಾದಳು. ಕೋಲನ್ ಯಾಕೆ ಹಾಕುತ್ತಾರೆ ಎಂದು ಗೊತ್ತಿಲ್ಲದ ಈ ಮನುಷ್ಯ ಇದನ್ನೆಲ್ಲ ಎಲ್ಲಿ ಕಲಿತ?

“ಮತ್ತ ಗುಂಡಿ ಒತ್ತೂದು ತಡಾ ಆದ್ರ ನಾಯಿ ಬರ್ತೈತಲ್ಲ, ಅದನ್ನೂ ತಗೀರಿ,” ಎಂದು ಸರ್ ಮುಂದುವರಿಸಿದರು. “ಸಾಹೇಬ್ರಿಗೆ ಗುಂಡಿ ಸಿಗಲಿಲ್ಲಂದ್ರ? ಹಣ್ಣು ತಾನ ಹೋಗಲಿ. ಮಂಗ್ಯಾನೂ ಕಸಗೊಳ್ಳೂದು ಬ್ಯಾಡ, ಹಿಡದು ಮುಂದಕ್ಕ ಒಗೀಲಿ.”

ಅವಳು ಮನಸ್ಸಿನಲ್ಲೇ ಥೂ ಎಂದು ಉಗಿದಳು. ಆದರೂ ಸರ್ ಹೇಳಿದ್ದನ್ನೆಲ್ಲ ಅವಳ ಬೆರಳುಗಳು ಮಾಡಿದವು. ಅಸಲಿ ಆಟವನ್ನು ಬೇರೆ ಹೆಸರಿನಲ್ಲಿ ಅದೇ ಕಂಪ್ಯೂಟರಿನಲ್ಲಿ ಇಟ್ಟುಕೊಂಡಳು.

ಸಮಿತಿ ಬಂತು. ಪ್ರೊಜೆಕ್ಟರಿನ ಪ್ಲಾಸ್ಟಿಕ್ ಬಿಚ್ಚಲಾಯಿತು, ಬಾಗಲಕೋಟೆಯಿಂದ ತರಿಸಿದ ಹಾರಗಳು ಬಂದವು, ಡಾಕ್ಟರ್ ಸಂಗಮೇಶರಿಗೆ ಎಲ್ಲಕ್ಕಿಂತ ಉದ್ದದ ಹಾರ ಬಿತ್ತು. ತೆಳ್ಳನೆಯ ಮನುಷ್ಯ, ನರೆತ ಗಡ್ಡ, ಮಾತು ಕಡಿಮೆ. ಅವರು ಲ್ಯಾಬಿಗೆ ಬಂದು ಹಾರ ತೆಗೆದು ಮಾನಿಟರಿನ ಮೇಲೆ ಹಾಕಿ ಆಟಕ್ಕೆ ಕುಳಿತರು. ಹಿಂದೆ ಪ್ರಿನ್ಸಿಪಾಲರು, ಶಿವಪ್ರಕಾಶ ಸರ್, ಸಮಿತಿಯ ಉಳಿದವರು, ಹುಡುಗರು, ಹುಡುಗಿಯರು. ಪ್ರಿಯದರ್ಶಿನಿ ಗೋಡೆಗೆ ಆತು ನಿಂತಳು.

ಮೊದಲ ಒಗೆತ ಬಾವಿಯ ದಂಡೆಯ ಮೇಲೆ ಉರುಳಾಡಿ ಈ ಕಡೆ ಬಿತ್ತು. “ಅಬ್ಬಬ್ಬಾ!” ಎಂದಿತು ಗುಂಪು. ಸಂಗಮೇಶರು ಮುಂದಕ್ಕೆ ಬಾಗಿದರು. ಶಿವಪ್ರಕಾಶ ಸರ್ ಲೆಕ್ಕ ತಪ್ಪಿರಲಿಲ್ಲ. ಹುನಗುಂದ ಬಂತು, ಚಪ್ಪಾಳೆ ಬಿತ್ತು. ಅಮೀನಗಡ ಬಂತು, ಚಪ್ಪಾಳೆ. ಗುಳೇದಗುಡ್ಡ ದಾಟುವಾಗ ಸಾಹೇಬರ ತುಟಿಯಲ್ಲಿ ನಗು ಕಂಡಿತು. ಬಾದಾಮಿಯ ಮೆಟ್ಟಿಲಿನ ಮೇಲೆ ಮಂಗ ಹಣ್ಣು ಹಿಡಿದು, ಕೈ ಬೀಸಿ ಕುಳಗೇರಿ ಕ್ರಾಸಿನ ಕಡೆಗೆ ಒಗೆಯಿತು.

“ನೋಡ್ರಿ ಸರ್, ಮಂಗ್ಯಾ ಸೈತ ತಮಗ ಮರ್ಯಾದಿ ಕೊಡ್ತೈತಿ!” ಎಂದರು ಪ್ರಿನ್ಸಿಪಾಲರು.

ಕುಳಗೇರಿ ಕ್ರಾಸ್ ದಾಟಿತು, ಮತ್ತೆ ಇಳಕಲ್ ಬಂತು. ಮತ್ತೆ ಹುನಗುಂದ. ಮತ್ತೆ ಚಪ್ಪಾಳೆ. ಆಗ ಪ್ರಿಯದರ್ಶಿನಿಗೆ ತಟ್ಟನೆ ಹೊಳೆಯಿತು. ಆಟ ಮುಗಿಯುವುದು ಸೋತಾಗ ಮಾತ್ರ. ಸೋಲನ್ನು ತೆಗೆದುಹಾಕಿದ್ದರು. ಇನ್ನು ಇದು ಮುಗಿಯುವುದು ಹೇಗೆ? ಈವರೆಗೆ ಅವಳಿಗೂ ಹೊಳೆದಿರಲಿಲ್ಲ, ಆ ಪಂಡಿತರಿಗಂತೂ ಹೊಳೆಯುವ ಪ್ರಶ್ನೆಯೇ ಇರಲಿಲ್ಲ. ಸಾಹೇಬರು ಸೋಲಬಾರದು ಎಂದು ಎಲ್ಲರೂ ಯೋಚಿಸಿದ್ದರು, ಸಾಹೇಬರು ಏಳುವುದು ಹೇಗೆಂದು ಒಬ್ಬರೂ ಯೋಚಿಸಿರಲಿಲ್ಲ.

ಗೆಲ್ಲುತ್ತಿರುವ ಅತಿಥಿಗೆ ಸಾಕು ಏಳ್ರಿ ಎನ್ನಲು ಪ್ರಿನ್ಸಿಪಾಲರಿಗೆ ಬಾಯಿಲ್ಲ. ಅಷ್ಟು ಜನ ಚಪ್ಪಾಳೆ ತಟ್ಟುತ್ತಿರುವಾಗ ನಡುವೆ ಎದ್ದುಹೋಗಲು ಅತಿಥಿಗೆ ಸಂಕೋಚ. ನಿಂಬೆಹಣ್ಣು ಎರಡನೆಯ ಸುತ್ತು ಮುಗಿಸಿ ಮೂರನೆಯದಕ್ಕೆ ಹೊರಟಿತು. ಅಡುಗೆಯವನು ಬಾಗಿಲಿಗೆ ಬಂದು, ಹೋಳಿಗೆ ಆರಿಹೋಗುತ್ತವೆ ಎಂದು ಸನ್ನೆ ಮಾಡಿ ಹೋದ. ಚಪ್ಪಾಳೆ ತಟ್ಟಿ ತಟ್ಟಿ ಹುಡುಗರ ಕೈ ಕೆಂಪಾದವು. ಒಬ್ಬ ಸದಸ್ಯರು ನಿಂತಲ್ಲೇ ತೂಕಡಿಸತೊಡಗಿದರು.

ಸಂಗಮೇಶರ ನಗು ಎಂದೋ ಮಾಯವಾಗಿತ್ತು. ಅವರು ಒಮ್ಮೆ ಬೇಕೆಂದೇ ಗುಂಡಿಯನ್ನು ಬಲವಾಗಿ ಒತ್ತಿ ಹಿಡಿದರು. ಹಣ್ಣು ಬಾವಿಯ ಮೇಲೆ ಹಾರಿ, ಗಾಳಿಯಲ್ಲೇ ತಿರುಗಿ ರಸ್ತೆಗೆ ಬಂತು. ಕೊನೆಗೆ ಅವರು ಕೀಬೋರ್ಡಿನಿಂದ ಕೈ ತೆಗೆದು ಚಹಾದ ಕಪ್ಪು ಎತ್ತಿಕೊಂಡರು. ಹಣ್ಣು ತಾನೇ ಹಾರಿತು, ತಾನೇ ಬಿತ್ತು, ಮತ್ತೆ ಹಾರಿತು.

“ಶಾಬಾಶ್ ಸರ್!” ಎಂದು ಕಲ್ಲೇಶ ಕೂಗಿದ.

ಸಂಗಮೇಶರು ಕುರ್ಚಿಯಲ್ಲೇ ತಿರುಗಿದರು. “ಯಾರು ಮಾಡಿದ್ದು ಇದನ್ನ?”

ಪ್ರಿಯದರ್ಶಿನಿ ಮುಂದೆ ಬಂದಳು. ಬೈಯಲಿ, ಎಂದು ಅವಳ ಮನಸ್ಸು ಬೇಡಿಕೊಂಡಿತು. ಇದೆಂಥ ದರಿದ್ರ ಆಟ ಎನ್ನಲಿ. ಎಂದರೆ ಅಸಲಿಯದನ್ನು ತೋರಿಸಬಹುದು. ಅವರ ಕಣ್ಣಿನಲ್ಲಿ ಬೈಗುಳ ಸಿದ್ಧವಾಗಿತ್ತು, ಬಾಯಿಯೂ ಅರೆ ತೆರೆದಿತ್ತು.

ಅಷ್ಟರಲ್ಲಿ ಪ್ರಿನ್ಸಿಪಾಲರು ನಡುವೆ ತೂರಿದರು. “ನಮ್ಮ ಚೇರ್ಮನ್ ಸಾಹೇಬ್ರ ಮಗಳರೀ ಸರ್. ಈಗ ಊಟಕ್ಕ ಅವರೂ ಬರಾಕತ್ತಾರ.”

ಸಂಗಮೇಶರ ಬಾಯಿ ಮುಚ್ಚಿಕೊಂಡಿತು. ಅವರು ಒಮ್ಮೆ ಪರದೆ ನೋಡಿದರು, ಒಮ್ಮೆ ಅವಳನ್ನು ನೋಡಿದರು. ಬೈಗುಳವಿದ್ದ ಜಾಗಕ್ಕೆ ಒಂದು ಹಗುರ ನಗು ಬಂದು ಕುಳಿತಿತು.

“ಓಹೋ, ಹಂಗೇನು? ಹಂಗಾರ ಬರೋಬ್ಬರಿ ಐತಿ ಬಿಡ್ರಿ,” ಎಂದರು. “ಭಾಳ ಚಂದ ಮಾಡೀಯವಾ. ನಾ ಜೀವನದಾಗ ಇಷ್ಟು ಗೆದ್ದಿಲ್ಲ.”

“ಸರ್, ಇನ್ನೊಂದೈತ್ರಿ... ಖರೇದ್ದು. ಇದು ನಂದಲ್ರಿ, ಅದನ್ನೊಮ್ಮೆ ನೋಡ್ರಿ ಸರ್.”

“ನೋಡೋಣಂತ, ಊಟ ಆಗಲಿ,” ಎಂದು ಅವರು ಎದ್ದೇಬಿಟ್ಟರು. ಊಟವಾಯಿತು. ರಾಚಪ್ಪನವರು ತಾವೇ ನಿಂತು ಸಾಹೇಬರ ಹೋಳಿಗೆಯ ಮೇಲೆ ತುಪ್ಪ ಹಾಕಿಸಿದರು. ಸಭೆಯಾಯಿತು. ಅತ್ಯುತ್ತಮ ಆಟ, ಮೊದಲ ಬಹುಮಾನ, ಕುಮಾರಿ ಪ್ರಿಯದರ್ಶಿನಿ. ಚಪ್ಪಾಳೆ ಬಿತ್ತು, ಕಾರುಗಳು ಹೋದವು. ಖರೇದನ್ನು ಯಾರೂ ನೋಡಲಿಲ್ಲ.

ಅವಳು ಬಹುಮಾನದ ಫಲಕವನ್ನು ಬಗಲಿಗೆ ಸಿಕ್ಕಿಸಿಕೊಂಡು ನೇರ ಸ್ಟಾಫ್ ರೂಮಿಗೆ ನುಗ್ಗಿದಳು. ಶಿವಪ್ರಕಾಶ ಸರ್ ಒಬ್ಬರೇ ಕುಳಿತು ಉಳಿದ ಹೂವಿನ ಪಕಳೆ ಬಿಡಿಸುತ್ತಿದ್ದರು.

“ಸರ್, ನಾ ನಿಮಗ ಕಳಿಸಿದ ಕೋಡ್ ಓದೀರೇನ್ರಿ? ಅಸಲಿದ್ದು, ಹೋದ ತಿಂಗಳ ಕಳಿಸಿದ್ದು?”

“ಪೂರಾ ಅಂಕ ಹಾಕೇನಲ್ರಿ!” ಎಂದರು ಅವರು ಗಾಬರಿಯಾಗಿ.

“ಓದೀರೇನ್ರಿ?”

“ಓದೂದ್ಯಾಕ್ರಿ? ನಿಮ್ಮ ಮ್ಯಾಲ ನಂಬಿಕಿ ಐತಿ. ಹೋದ ಸೆಮಿಸ್ಟರೂ ಪೂರಾ ಹಾಕೇನಿ, ಅದರ ಹಿಂದಿಂದೂ ಹಾಕೇನಿ. ಒಂದು ಪೇಪರ್‌ನ್ಯಾಗ ಬೇಕಂತನ ಎರಡು ಕಡಿಮಿ ಹಾಕಿದ್ದೆ, ಪೂರಾನ ಹಾಕಿದ್ರ ನಿಮಗ ಸಂಶಯ ಬಂದೀತಂತ.” ಅವರು ಧ್ವನಿ ತಗ್ಗಿಸಿದರು. “ಅಪ್ಪಾರ ಮುಂದ ಏನೂ ಹೇಳಬ್ಯಾಡ್ರಿ. ನಂದು ಈ ವರ್ಷದ ಆರ್ಡರ್ ಇನ್ನೂ ಬಂದಿಲ್ಲ.”

ಆ ಎರಡು ಅಂಕಕ್ಕಾಗಿ ಅವಳು ಮರುಮೌಲ್ಯಮಾಪನಕ್ಕೆ ಹೋಗಬೇಕೆಂದು ಜಗಳ ತೆಗೆದಿದ್ದಳು. ಬಾವಿಯ ದಂಡೆಯ ಮೇಲೆ ಹಣ್ಣು ಉರುಳಾಡಿಸುವುದನ್ನು ಈ ಮನುಷ್ಯ ಎಲ್ಲಿ ಕಲಿತನೆಂದು ಅವಳಿಗೆ ಈಗ ಗೊತ್ತಾಯಿತು. ಅವರು ಅಷ್ಟು ವರ್ಷ ಅಭ್ಯಾಸ ಮಾಡಿದ್ದು ಅವಳ ಮೇಲೆಯೇ. ಅವಳ ಕಿವಿ ಸುಟ್ಟಂತೆ ಬಿಸಿಯಾದವು. ಹೊರಬಿದ್ದು ಲ್ಯಾಬಿಗೆ ನಡೆದಳು.

ಲ್ಯಾಬಿನಲ್ಲಿ ಸುನಂದಾ ಇದ್ದಳು. ಬಸ್ಸಿಗೆ ಇನ್ನೂ ಹೊತ್ತಿತ್ತು, ಕಾಲು ಚಾಚಿ ಹೋಳಿಗೆ ತಿನ್ನುತ್ತಿದ್ದಳು. ಎದುರಿನ ಪರದೆಯ ಮೇಲೆ ನಿಂಬೆಹಣ್ಣು ಯಾರ ಹಂಗಿಲ್ಲದೆ ಗುಳೇದಗುಡ್ಡ ದಾಟುತ್ತಿತ್ತು. ಪ್ರಿಯದರ್ಶಿನಿ ಹೋಗಿ ಅದನ್ನು ಮುಚ್ಚಿ, ಅಸಲಿ ಆಟ ತೆರೆದಳು.

“ಸುನಂದಾ, ಬಾ. ಪಾಳಿ ಮ್ಯಾಲ ಆಡೂಣು.”

“ಈಗೇನಲೇ? ಬಹುಮಾನ ಬಂತಲ್ಲ, ಮನಿಗೆ ಹೋಗು.”

“ಬಾ ಅಂದ್ರ ಬಾ.”

ಪ್ರಿಯದರ್ಶಿನಿ ಮೊದಲು ಆಡಿದಳು. ಹಣ್ಣು ಹುನಗುಂದದ ಈಚೆಗೇ ಗಟಾರಿಗೆ ಬಿತ್ತು. ಸುನಂದಾ ಕೈ ಒರೆಸಿಕೊಂಡು ಗುಂಡಿ ಒತ್ತಿದಳು. ಇಷ್ಟು ದಿನ ಪ್ರಿಯದರ್ಶಿನಿ ಹಣ್ಣನ್ನು ನೋಡುತ್ತಿದ್ದಳು. ಇಂದು ಸುನಂದಾಳ ಬೆರಳನ್ನು ನೋಡಿದಳು. ಬೆರಳು ಸರಿಯಾದ ಹೊತ್ತಿಗೆ ಏಳಬೇಕೆಂದು ಒಮ್ಮೆ ಮಿಡಿಯಿತು. ಏಳಲಿಲ್ಲ, ತಡೆದುಕೊಂಡಿತು. ಆಮೇಲೆ ಎದ್ದಿತು. ಹಣ್ಣು ಪ್ರಿಯದರ್ಶಿನಿಯ ಹಣ್ಣಿಗಿಂತ ಒಂದು ಮಾರು ಹಿಂದೆ ಬಾವಿಗೆ ಬಿತ್ತು.

“ಅಯ್ಯ, ಹೋತ ನೋಡು,” ಎಂದಳು ಸುನಂದಾ.

“ನೀ ಬೇಕಂತ ಸೋತಿ.”

“ಇಲ್ಲವಾ, ಯಾಕ...”

“ಸುಳ್ಳು ಹೇಳಬ್ಯಾಡ. ಅಷ್ಟೂ ದಿನ ಬೇಕಂತ ಸೋತೀ ಹೌದಲ್ಲ? ನೀ, ಕಲ್ಲೇಶ, ಎಲ್ಲಾರೂ?”

ಸುನಂದಾ ಅವಳ ಮುಖ ನೋಡಿದಳು. ಏನೋ ಹೇಳಿ ನಗಿಸಬಹುದೆಂದುಕೊಂಡಿದ್ದಳು, ಆದರೆ ಆ ಮುಖ ನೋಡಿ ಅವಳಿಗೂ ಇದ್ದಕ್ಕಿದ್ದಂತೆ ಸಿಟ್ಟು ಬಂತು. ಇಡೀ ಸೆಮಿಸ್ಟರ್ ನುಂಗಿಕೊಂಡದ್ದೆಲ್ಲ ಬಾಯಿಗೆ ಬಂತು.

“ಹೌದು, ಸೋತೇವಿ. ಏನೀಗ? ನಮ್ಮ ತಮ್ಮಗ ನಿಮ್ಮಪ್ಪನ ಮಂಡಳಿ ಸಾಲ್ಯಾಗ ಸೀಟು ಬೇಕಾಗೈತಿ, ಕಲ್ಲೇಶಗ ಹಾಜರಿ ಕಡಿಮಿ ಐತಿ, ಒಬ್ಬೊಬ್ಬರಿಗೆ ಒಂದೊಂದು. ಆದ್ರ ಒಂದು ಮಾತು ಹೇಳತೇನಿ ಕೇಳು. ನಿನ್ನ ಕೈಲೆ ಸೋಲೂದು ನಿನಗ ಸಸಾರ ಅನಸ್ತೈತೇನು? ನೀ ಅಷ್ಟು ಕೆಟ್ಟ ಆಡ್ತಿ! ಹುನಗುಂದ ಮುಟ್ಟೂದ್ರಾಗ ನಿನ್ನ ಜೀವ ಹೋಗ್ತೈತಿ. ನಿನಗಿಂತ ಕೆಟ್ಟ ಆಡಬೇಕಂದ್ರ ನಾವು ಎಷ್ಟು ಲಕ್ಷ ಇಟ್ಟು ಆಡಬೇಕು ಗೊತ್ತೈತೇನು? ಒಂದೊಂದ್ ದಿನ ತಲಿ ಸಿಡೀತಿತ್ತು ನಂಗ.”

ಪ್ರಿಯದರ್ಶಿನಿಗೆ ಕಪಾಳಕ್ಕೆ ಬಾರಿಸಿದಂತಾಯಿತು. ಅವಮಾನವಾಯಿತು, ಬಹಳ ಅವಮಾನವಾಯಿತು. ಯಾರನ್ನು ಇಷ್ಟು ದಿನ ದಡ್ಡರು, ದಂಡಪಿಂಡಗಳು ಎಂದು ತಿರಸ್ಕರಿಸಿದ್ದಳೋ ಅವರೆಲ್ಲ ಸಾಲಾಗಿ ನಿಂತು ತನ್ನ ಬೆನ್ನ ಹಿಂದೆ ಬಾಯಿ ಮುಚ್ಚಿಕೊಂಡು ನಕ್ಕದ್ದು ಅವಳ ಕಣ್ಣಿಗೆ ಕಟ್ಟಿತು. ಅಳು ನುಗ್ಗಿ ಬಂತು, ಅದನ್ನು ತಡೆದುಕೊಂಡಳು.

“ಹಂಗಾರ ಈಗ ಆಡು,” ಎಂದಳು. “ತಮ್ಮನ ಸೀಟಿಗೆ ನಾ ಜವಾಬ್ದಾರಿ. ಸೋಲಿಸು ನನ್ನ.”

“ಆಮ್ಯಾಲ ಅಳಬಾರದು ಮತ್ತ.”

“ಆಡಲೇ!”

ಸುನಂದಾ ಕುರ್ಚಿ ಮುಂದಕ್ಕೆ ಎಳೆದುಕೊಂಡಳು. ಈ ಸಲ ಅವಳು ಪರದೆಯನ್ನು ನೋಡಿದ್ದೂ ಕಡಿಮೆ. ಹೋಳಿಗೆಯ ಚೂರನ್ನು ದವಡೆಯಲ್ಲಿ ಒತ್ತಿಕೊಂಡು ಟಕ್ ಟಕ್ ಎಂದು ಬಿಡುತ್ತ ಹೋದಳು. ಹುನಗುಂದ ಬಂದದ್ದು ಗೊತ್ತಾಗಲಿಲ್ಲ. ಅಮೀನಗಡದಲ್ಲಿ “ನಮ್ಮೂರು!” ಎಂದು ಒಮ್ಮೆ ನಕ್ಕಳು. ಗುಳೇದಗುಡ್ಡ ದಾಟಿ ಬಾದಾಮಿಯ ಮೆಟ್ಟಿಲಿಗೆ ಬಂದಾಗ ಮಂಗ ಕೈ ಚಾಚಿತು, ಸುನಂದಾಳ ಬೆರಳು ಕೂದಲೆಳೆಯಷ್ಟು ತಡೆದು ಎದ್ದಿತು, ಹಣ್ಣು ಮಂಗನ ತಲೆಯ ಮೇಲಿಂದ ಹಾರಿತು. ಅಲ್ಲಿಂದ ಮುಂದೆ ಎಲ್ಲಿಯೋ ನಾಯಿ ಕಚ್ಚಿಕೊಂಡು ಹೋಯಿತು.

ಪ್ರಿಯದರ್ಶಿನಿಯ ಪಾಳಿ ಬಂತು. ಅವಳ ಹಣ್ಣು ಇಳಕಲ್ ಬಸ್‌ಸ್ಟ್ಯಾಂಡಿನ ಗಟಾರಿಗೇ ಬಿತ್ತು. ‘ಸೋತಿರಿ!’ ಎಂದು ಅವಳೇ ಬರೆದ ದಪ್ಪ ಅಕ್ಷರ ಅವಳ ಮುಖಕ್ಕೇ ಬಂತು. ಕಣ್ಣೀರು ಈಗ ಹೇಳದೆ ಕೇಳದೆ ಇಳಿಯಿತು, ಒರೆಸಿಕೊಂಡರೂ ನಿಲ್ಲಲಿಲ್ಲ.

“ನೋಡು, ನಾ ಹೇಳಿದ್ದಿಲ್ಲ?” ಎಂದು ಸುನಂದಾ ಹೆದರಿ ಎದ್ದು ನಿಂತಳು. “ಬ್ಯಾಡ ಬಿಡವಾ, ಸಾಕು. ನಂದು ಬಸ್ಸು ಬರ್ತೈತಿ.”

“ಬಸ್ಸು ಹೋದ್ರ ಇನ್ನೊಂದು ಬರ್ತೈತಿ. ಕುಂದ್ರ,” ಎಂದು ಪ್ರಿಯದರ್ಶಿನಿ ಅವಳ ಕೈ ಹಿಡಿದು ಎಳೆದು ಕೂರಿಸಿದಳು. ಮೂಗು ಒರೆಸಿಕೊಂಡು, ತುಪ್ಪ ಹತ್ತಿದ ಕೀಬೋರ್ಡನ್ನು ಅವಳ ಮುಂದಕ್ಕೆ ದೂಡಿದಳು.

“ಇನ್ನೊಮ್ಮೆ ಸೋಲಿಸು,” ಎಂದಳು.